ಬೇಕರಿಯ ಅಜ್ಜಿ

ಆ ಬೇಕರಿಯಲ್ಲಿ ಎಲ್ಲರಿಗಿಂತ ಹಿರಿಯವಳು ಒಂದು ಗಾಜಿನ ಜಾಡಿಯಲ್ಲಿ ವಾಸವಾಗಿದ್ದಳು. ಅದು ಬ್ರೆಡ್ಡು ಉಬ್ಬಿಸುವ ಹುಳಿಹಿಟ್ಟು. ಬೇಕರಿಯಕ್ಕನ ಅತ್ತೆಯ ಅತ್ತೆ ಕಲಸಿಟ್ಟದ್ದು. ದಿನಾ ಒಂದಿಷ್ಟು ತೆಗೆದು ಬಳಸುವುದು, ತೆಗೆದಷ್ಟೇ ಹೊಸ ಹಿಟ್ಟು, ನೀರು ಬೆರೆಸುವುದು. ಹೀಗಾಗಿ ಅದಕ್ಕೆ ಸಾವೇ ಇಲ್ಲ. ಮನೆಯವರು ಅದನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. "ಅಜ್ಜಿಗೆ ಊಟ ಹಾಕಿದ್ಯಾ?" ಎಂದು ಗಂಡ ಕೇಳದ ಬೆಳಗಿಲ್ಲ, "ನಿಮಗಿಂತ ಮುಂಚೇನೇ ಹಾಕಿದೀನಿ" ಎಂದು ಅವಳು ಹೇಳದ ಬೆಳಗಿಲ್ಲ.

ಅಜ್ಜಿಯ ಜೊತೆಗೆ ಅತ್ತೆ ಒಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದರು. ಶನಿವಾರ ಯಾರು ಬಂದು ಕೇಳಿದರೂ ಒಂದು ಹಿಡಿ ಹುಳಿಹಿಟ್ಟು ಕೊಡಬೇಕು. ಯಾರಿಗೆ, ಯಾಕೆ ಎಂದು ಕೇಳಬಾರದು. ದೇವರು ಪುಕ್ಕಟೆ ಕೊಟ್ಟದ್ದನ್ನು ಬಚ್ಚಿಡಬಾರದು ಎಂಬುದು ಅವರ ವಾದ. ಬೇಕರಿಯಕ್ಕ ಅದನ್ನು ಚಾಚೂ ತಪ್ಪದೆ ನಡೆಸಿದಳು. ಒಮ್ಮೆ ಮಳೆಯೂ ಇಲ್ಲದ ಬಿಸಿಲೂ ಇಲ್ಲದ ದಿನ, ಕೊಡೆಯಲ್ಲಿ ಮುಖ ಮರೆಸಿಕೊಂಡು ಬಂದ ಗುರುತಿಲ್ಲದ ಮುದುಕಿಗೂ ತುಟಿಪಿಟಕ್ಕೆನ್ನದೆ ಕೊಟ್ಟು ಕಳಿಸಿದ್ದಳು.

"ವ್ಯಾಪಾರದ ಗುಟ್ಟನ್ನ ಬೀದಿಗೆ ಹಂಚ್ತಿದೀಯಲ್ಲೇ," ಎಂದು ಗಂಡ ಗೊಣಗುತ್ತಿದ್ದ. "ನಾಳೆ ಎದುರು ಬೇಕರಿಯವನೂ ಬಂದು ನಿಲ್ತಾನೆ."

"ಬಂದ್ರೆ ಅವನಿಗೂ ಒಂದು ಹಿಡಿ."

ಎದುರು ಬೇಕರಿಯವನ ಜೊತೆ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಯಾರ ಬೋರ್ಡು ಯಾರ ಬೋರ್ಡಿಗೆ ಅಡ್ಡ ಬಂತು ಎಂಬ ಘನಂದಾರಿ ಜಗಳ ಅದು. ಎಲ್ಲರೂ ಒಂದೇ ಚರ್ಚಿನವರು. ಆದರೆ ಇವರು ಬಲಗಡೆ ಕೂತರೆ ಅವನು ಎಡಗಡೆ.

ವಾರದ ನಡುವೆ ಒಂದು ಮಧ್ಯಾಹ್ನ ಒಲೆಯ ಹೊಗೆಕೊಳವೆಯಿಂದ ಬೆಂಕಿ ಚಾವಣಿಗೆ ಹತ್ತಿತು. ಜನ ನೀರು ಹೊತ್ತು ಬರುವಷ್ಟರಲ್ಲಿ ಅಂಗಡಿಯ ಕತೆ ಮುಗಿದಿತ್ತು. ಗಂಡ ಒಳಗೆ ನುಗ್ಗಿ ಅಜ್ಜಿಯ ಜಾಡಿಗೆ ಕೈ ಹಾಕಿದ. ಕಾದ ಗಾಜು ಕೈಯಲ್ಲೇ ಒಡೆಯಿತು. ಕೊನೆಗೆ ಉಳಿದದ್ದು ಹಿಂದಿನ ಎರಡು ಕೋಣೆ, ಮತ್ತೆ ಅವನ ಮೊಣಕೈವರೆಗಿನ ಬ್ಯಾಂಡೇಜು.

ಅವಳನ್ನು ಹೆದರಿಸಿದ್ದು ಸುಟ್ಟ ಕೈಗಳಲ್ಲ, ಬೇರೆಯದು. ಊಟದ ಮುಂಚೆ ಅವಳು ಪ್ರಾರ್ಥನೆ ಮಾಡಿದರೆ ಅವನು ತಲೆ ಬಾಗಿಸಲಿಲ್ಲ.

"ಭಾನುವಾರ ಚರ್ಚಿಗೆ ನಾನು ಬರಲ್ಲ," ಎಂದ. "ದೇವರ ಮೇಜಿಗೆ ರೊಟ್ಟಿ ಸುಟ್ಟುಕೊಟ್ಟ ಒಲೆಯಿಂದಾನೇ ಆತ ನಮ್ಮನ್ನ ಸುಟ್ಟ. ಇನ್ನು ಯಾಕೆ ಕೈ ಮುಗೀಲಿ? ಮುಗಿಯೋಕೆ ಕೈಯಾದ್ರೂ ಎಲ್ಲಿದೆ?"

ಚರ್ಚಿನಲ್ಲಿ ಮುರಿದು ಎಲ್ಲರಿಗೂ ಹಂಚುವ ಪ್ರಭುಭೋಜನದ ರೊಟ್ಟಿ ಅತ್ತೆಯ ಕಾಲದಿಂದಲೂ ಅವರ ಮನೆಯಿಂದಲೇ ಹೋಗುತ್ತಿತ್ತು. ಅವಳಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಈ ಭಾನುವಾರದ ರೊಟ್ಟೀನೂ ನಮ್ಮ ಅಜ್ಜಿ ಹಿಟ್ಟಿಂದಾನೇ ಆಗುತ್ತೆ. ಆದ್ರೆ ಬರ್ತೀರಾ?"

"ಆದ್ರೆ ಬರ್ತೀನಿ. ಆಗಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶನಿವಾರ ಒಂದು ಬಟ್ಟಲು ಹಿಡಿದು ಹೊರಟಳು. ಇಷ್ಟು ವರ್ಷ ಹಂಚಿದ್ದೇನೆ, ಒಬ್ಬರ ಮನೆಯಲ್ಲಾದರೂ ಅಜ್ಜಿ ಉಸಿರಾಡುತ್ತಿರಬೇಕಲ್ಲ ಎಂಬ ಧೈರ್ಯ ಅವಳದು.

"ಅಯ್ಯೋ ಅಕ್ಕ, ಫ್ರಿಜ್ಜಲ್ಲಿಟ್ಟು ಮರೆತೇಬಿಟ್ಟೆ, ಹಸಿರು ಗಡ್ಡ ಬಂದುಬಿಟ್ಟಿತ್ತು," ಎಂದಳು ದರ್ಜಿ. ಟೀಚರ್ ಮನೆಯಲ್ಲಿ ಮಕ್ಕಳು ಅದರಿಂದ ಗಾಳಿಪಟ ಅಂಟಿಸಿದ್ದರು. ಚರ್ಚಿನ ಸಭಾಪಾಲಕರ ಹೆಂಡತಿ ಉತ್ತರವನ್ನೇ ಕೊಡದೆ ಎರಡು ಸಲ ಕಾಫಿ ಕೊಟ್ಟರು, ಅಷ್ಟರಲ್ಲೇ ಅರ್ಥವಾಯಿತು.

ಸುಟ್ಟ ಅಂಗಡಿಯ ಮೆಟ್ಟಿಲ ಮೇಲೆ ಖಾಲಿ ಬಟ್ಟಲು ಇಟ್ಟುಕೊಂಡು ಕೂತಳು. ಎದೆಯಲ್ಲಿ ಭಯವಿತ್ತು, ದೇವರ ಮೇಲೆ ಮುನಿಸೂ ಇತ್ತು. ಎರಡನ್ನೂ ಮುಚ್ಚಿಡಲಿಲ್ಲ.

"ಕರ್ತನೇ, ನಾನು ಬಾಯಿಬಡುಕಿ, ನಿನ್ನ ಕೇಳದೆ ನಿನ್ನ ಪರವಾಗಿ ಮಾತು ಕೊಟ್ಟೆ. ನನ್ನ ಮಾನ ಹೋದ್ರೆ ಹೋಗ್ಲಿ. ಆ ಮನುಷ್ಯನ ಕೈ ಮಾತ್ರ ಬಿಡಬೇಡ. ನಿನ್ನ ಮೇಲೆ ಕೋಪ ಇದೆ, ಆದ್ರೂ ನಿನ್ನ ಬಿಟ್ಟು ಇನ್ಯಾರ ಬಾಗಿಲು ತಟ್ಟಲಿ?"

ತಲೆ ಎತ್ತಿದರೆ, ಬೀದಿಯಲ್ಲಿ ಅವಳು ತಟ್ಟದ ಬಾಗಿಲು ಒಂದೇ ಒಂದಿತ್ತು. ಅದು ಎದುರಿಗೇ ಇತ್ತು.

ಅಭಿಮಾನವನ್ನು ನುಂಗಿಕೊಂಡು ರಸ್ತೆ ದಾಟಿದಳು. ಎದುರು ಬೇಕರಿಯವನು ಮೀಸೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದ.

"ಹುಳಿಹಿಟ್ಟು ಇದ್ರೆ ಒಂದು ಹಿಡಿ ಕೊಡಣ್ಣ. ಯಾರದಾದ್ರೂ ಸರಿ," ಎಂದಳು. ಅಜ್ಜಿಯದು ಇಲ್ಲಿ ಹೇಗೆ ಸಿಕ್ಕೀತು? ಅವಳು ಆಗಲೇ ಅರ್ಧ ಸೋತಿದ್ದಳು.

ಅವನು ಸಿಕ್ಕಿಬಿದ್ದ ಕಳ್ಳನ ಹಾಗೆ ನೆಲ ನೋಡಿದ. ಒಳಗೆ ಹೋಗಿ ಬಟ್ಟೆ ಮುಚ್ಚಿದ ಜಾಡಿ ತಂದ. ಬಟ್ಟೆ ಸರಿಸಿದೊಡನೆ ಹುಳಿಯ ಹಿಂದೆ ಅಡಗಿದ ಮಾಗಿದ ಸೇಬಿನ ವಾಸನೆ. ಆ ವಾಸನೆಯಲ್ಲೇ ಅವಳ ಬಾಳು ಕಳೆದಿತ್ತು. ಗುರುತು ಸಿಗದೆ ಇದ್ದೀತೇ?

"ನಿಮ್ದೇ ಅಕ್ಕ," ಎಂದ. "ಕೊಡೆ ಹಿಡ್ಕೊಂಡು ಒಬ್ಳು ಮುದುಕಿ ಬಂದಿದ್ಲಲ್ಲ, ಊರಿಂದ ಬಂದಿದ್ದ ನಮ್ಮತ್ತೆ ಅವಳು. ನಾನೇ ಕಳಿಸಿದ್ದು. ನಾನೇ ಬಂದು ಕೇಳೋಕೆ ಮುಖ ಇರಲಿಲ್ಲ. ಅವತ್ತಿಂದ ದಿನಾ ಊಟ ಹಾಕಿದೀನಿ. ನಮ್ಮಲ್ಲಿ ಇದಕ್ಕೆ ಅತ್ತೆ ಅಂತೀವಿ. ಊಟ ಸ್ವಲ್ಪ ತಡವಾದ್ರೂ ಸಾಕು, ಮೋರೆ ಹುಳಿ."

ಅವಳು ನಕ್ಕಳು, ನಗುತ್ತಲೇ ಬಿಕ್ಕಿದಳು. ಅವನು ತನ್ನ ಒಲೆ ತೋರಿಸಿ, "ಬನ್ನಿ, ರೊಟ್ಟಿ ಕಲಸೋಣ," ಎಂದ.

ಭಾನುವಾರ ಬೆಳಗ್ಗೆ, ಅಜ್ಜಿ ಹಿಟ್ಟಿನದೇ ರೊಟ್ಟಿ ಆಗಿದೆ ಎಂದರೆ ಗಂಡ ನಂಬಲಿಲ್ಲ. "ಸುಳ್ಳು. ಅವಳು ನನ್ನ ಕೈಯಲ್ಲೇ ಸತ್ತಳು."

"ಕೈ ತಾನೇ ಸುಟ್ಟಿದ್ದು, ನಾಲಗೆ ಅಲ್ವಲ್ಲ. ಬಂದು ರುಚಿ ನೋಡಿ."

ಕೊಟ್ಟ ಮಾತಿಗೆ ಬಂದ. ಪ್ರಭುಭೋಜನದ ಹೊತ್ತಿಗೆ ಸಭಾಪಾಲಕರು ರೊಟ್ಟಿ ಮುರಿದರು. ಅವನ ಪಾಲಿನ ತುಂಡನ್ನು ಅವಳೇ ಅವನ ಬಾಯಿಗಿಟ್ಟಳು. ಅವನು ಒಮ್ಮೆ ಅಗಿದ, ನಿಲ್ಲಿಸಿದ, ಮತ್ತೆ ಅಗಿದ.

"ಅಜ್ಜಿ ಕಣೇ!" ಎಂದು ಕೂಗಿಯೇಬಿಟ್ಟ. ಚರ್ಚಿಗೆ ಚರ್ಚೇ ತಿರುಗಿ ನೋಡಿತು.

ಅವಳು ಗಲ್ಲದಿಂದ ಎಡಗಡೆಗೆ ಸನ್ನೆ ಮಾಡಿದಳು. ಅಲ್ಲಿ ಎದುರು ಬೇಕರಿಯವನು ಹಾಡಿನ ಪುಸ್ತಕದ ಹಿಂದೆ ಮುಖ ಮರೆಸಿಕೊಂಡಿದ್ದ. ಗಂಡನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಾನು ಬೇಡವೆಂದು ಗೊಣಗಿದ ಆ ಒಂದು ಹಿಡಿಯನ್ನೇ ದೇವರು ಎದುರು ಮನೆಯಲ್ಲಿ ಕಾಪಾಡಿ ಇಟ್ಟಿದ್ದ. ಬೆಂಕಿ ಬೀಳುವುದಕ್ಕೆ ಎಷ್ಟೋ ಮೊದಲೇ ಇಟ್ಟಿದ್ದ.

ಎದ್ದು, ನಡುವಿನ ದಾರಿ ದಾಟಿ, ಹೋಗಿ ಅವನ ಪಕ್ಕದಲ್ಲೇ ಕೂತ. ಎಡಗಡೆಯವರು ಸರಿದು ಜಾಗ ಮಾಡಿದರು. ಹಾಡು ಶುರುವಾಯಿತು. ಬೇಕರಿಯಕ್ಕ ಎಂದೂ ಇಲ್ಲದಷ್ಟು ಗಂಟಲು ಬಿಟ್ಟು ಹಾಡಿದಳು. ಗಂಡನಿಗೆ ಕೈ ಮುಗಿಯಲು ಆಗಲಿಲ್ಲ. ಬ್ಯಾಂಡೇಜು ಕಟ್ಟಿದ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ, ಬೀದಿಗೆ ಕೇಳುವ ಹಾಗೆ "ಆಮೆನ್" ಎಂದ.