ಹತ್ತನೆಯ ಮನೆ

ಬೆಳಗಿನಿಂದ ಪರಿಮಳಾ ನಾಲ್ಕು ಸಲ ಗೇಟಿನವರೆಗೆ ಹೋಗಿ ವಾಪಸು ಬಂದಿದ್ದಳು. ಏರಿನ ಮೇಲಿಂದ ಗುದ್ದಲಿಯ ಸದ್ದು ಕೇಳಬೇಕಿತ್ತು. ಎಂಟು ಗಂಟೆಗೆ ಕಿರವತ್ತಿಯ ಆಳುಗಳು ಬಂದಾಗ ಸ್ವಲ್ಪ ಹೊತ್ತು ಕೇಳಿತ್ತು ಕೂಡ. ಆಮೇಲೆ ನಿಂತುಹೋಯಿತು.

"ಒಂಚೂರು ಕೂತ್ಕಳೆ ಮಾರಾಯ್ತಿ. ನೀ ನಡೆದಾಡಿದ್ರೆ ಪೈಪು ಬೇಗ ಬತ್ತಿಲ್ಲೆ," ಎಂದ ಅವಳ ಗಂಡ ಗೋವಿಂದ, ಪೇಪರಿನಿಂದ ತಲೆ ಎತ್ತದೆ.

ಯಲ್ಲಾಪುರದ ಆ ಏರುಗಲ್ಲಿಯಲ್ಲಿ ಇದ್ದದ್ದು ಹತ್ತು ಮನೆ. ತೊಂಬತ್ತೇಳರ ಆ ಬೇಸಿಗೆಯಲ್ಲಿ ಪಟ್ಟಣ ಪಂಚಾಯತಿಯವರು ಗುಡ್ಡದ ಟಾಕಿಯಿಂದ ನಲ್ಲಿಯ ಪೈಪು ಎಳೆಯಲು ಒಪ್ಪಿದ್ದರು. ಆದರೆ ಅಗೆತದ ನಾಲ್ಕೂವರೆ ಸಾವಿರವನ್ನು ಗಲ್ಲಿಯವರೇ ಕೂಡಿಸಬೇಕು. ವಂತಿಗೆ ಎತ್ತುವ ಕೆಲಸ ಪರಿಮಳಾಳ ಪಾಲಿಗೆ ಬಂತು. ಅವಳು ಬಾಲವಾಡಿ ಟೀಚರು. ಅವಳೇ ಬಾಗಿಲಿಗೆ ಬಂದು ನಿಂತರೆ ಗಲ್ಲಿಯಲ್ಲಿ ಯಾರಿಗೂ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ.

ಮನೆಗೆ ನಾನೂರೈವತ್ತು ಆಗಬೇಕಿತ್ತು. ಅವಳು ತನ್ನದೂ ಸೇರಿಸಿ ಒಂಬತ್ತು ಮನೆಯಿಂದ ಐನೂರರಂತೆ ಎತ್ತಿದಳು. ತುದಿಯ ಮನೆಯ ಮಂಜಿಯನ್ನು ಕೇಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬಸಳೆ, ಹರಿವೆ ಮಾರಿ ಬದುಕುವ ಒಂಟಿ ಹೆಂಗಸು. ಅದಕ್ಕಿಂತ ಹೆಚ್ಚಾಗಿ, ಗಲ್ಲಿಗೆ ಇದ್ದ ಒಂದೇ ಬಾವಿ ಅವಳದು. ಹನ್ನೆರಡು ವರ್ಷ ಕೊಡ ಹಿಡಿದು ಅವಳ ಅಂಗಳ ಹತ್ತಿದವರು ಅವಳ ಹತ್ತಿರವೇ ನೀರಿನ ದುಡ್ಡು ಕೇಳುವುದು ಹೇಗೆ? ಅವಳ ಪಾಲನ್ನು ನಾವೇ ಹೊರೋಣ, ಅವಳಿಗೂ ಒಂದು ನಲ್ಲಿ ಬರಲಿ ಎಂದುಕೊಂಡಳು. ಯಾರಿಗೂ ಹೇಳಲಿಲ್ಲ, ಗೋವಿಂದನಿಗೂ. ಹಾಗೆ ಹೇಳದೆ ಇರುವುದರಲ್ಲಿ ಒಂದು ಸಣ್ಣ ಸುಖವಿತ್ತು.

ಆಳುಗಳ ಮುಖಂಡ ದ್ಯಾಮಪ್ಪ ಬೆವರು ಒರೆಸಿಕೊಳ್ಳುತ್ತ ಗೇಟಿಗೆ ಬಂದ.

"ಅಕ್ಕಾರ, ಸ್ವಲ್ಪ ಮ್ಯಾಲೆ ಬರ್ರಿ. ಆ ಮಂಜವ್ವ ಅಂಗಳದಾಗ ಕುಂತಬಿಟ್ಟಾಳ. ಪೈಪು ಅಲ್ಲಿಂದನ ಇಳೀಬೇಕು, ಗುದ್ದಲಿ ಹಚ್ಚಾಕ ಬಿಡವಲ್ಲಳು."

"ಎಂತ ಹೇಳ್ತಾಳೆ?"

"ಏನೂ ಹೇಳಂಗಿಲ್ಲರಿ. ಬೈದಿದ್ರ ನಾವೂ ಬೈತಿದ್ವಿ. ಸುಮ್ನ ಸೊಪ್ಪು ಸೋಸಾಕತ್ತಾಳ. ಮಧ್ಯಾಹ್ನದ ತನಕ ನೋಡ್ತೀನಿ, ಆಮ್ಯಾಲೆ ಆಳು ಕರಕೊಂಡು ಮುಂಡಗೋಡಿಗೆ ಹೊಂಟೆ. ಮತ್ತ ಬರೋದು ಮಳೆಗಾಲ ಮುಗದ ಮ್ಯಾಲೆ."

ಗೋವಿಂದ ಈಗ ತಲೆ ಎತ್ತಿದ. "ಅವಳ ಪಾಲು ಕೇಳಿದ್ಯ ಇಲ್ಯ?"

"ಆನು ಕೇಳಿದ್ನಿಲ್ಲೆ."

"ಮತ್ತೆ ದುಡ್ಡು ಹ್ಯಾಂಗೆ ಸರಿ ಆತು?"

ಪರಿಮಳಾ ಚಪ್ಪಲಿ ಮೆಟ್ಟಿ ಹೊರಟಳು.

ಪಕ್ಕದ ಮನೆಯ ಗೌರಕ್ಕ ಗೇಟಿಗೆ ಒರಗಿ ನಿಂತಿದ್ದಳು. "ಎಂತ ಬೇಕಡ ಆ ಮಂಜಿಗೆ? ನಲ್ಲಿ ಬಂದ್ರೆ ತನ್ನ ಬಾವಿ ಕೇಳವ್ವು ಇಲ್ಲೆ ಹೇಳಿ ಹೊಟ್ಟೆಉರಿ!"

ಪರಿಮಳಾ ನಗಲಿಲ್ಲ. ಗೌರಕ್ಕನ ಮುಖ ನೋಡಿದ್ದೇ ಅವಳಿಗೆ ಹಳೆಯದೊಂದು ನೆನಪಾಯಿತು.

ಪ್ರತಿ ಬೇಸಿಗೆ ಬಾವಿಯ ಕೆಸರು ಎತ್ತುವ ಮುಂಚೆ ಮಂಜಿ ಮನೆಮನೆಗೆ ಕರೆಯಲು ಬರುತ್ತಿದ್ದಳು. ಒಳಗೆ ಬರುವವಳಲ್ಲ, ಮೆಟ್ಟಿಲ ಕೆಳಗೇ ನಿಂತು "ಸೋಮವಾರ ಕೆಸರು. ಮನೆಗೊಂದು ಆಳು" ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದಳು. ಕರೆದ ಮನೆಗೆ ಕೆಲಸವೂ ಇತ್ತು, ನೀರೂ ಇತ್ತು. ಒಂದು ವರ್ಷ ಏನೋ ಮಾತು ಬಂದು ಗೌರಕ್ಕನ ಮನೆಯನ್ನು ಬಿಟ್ಟು ದಾಟಿಹೋದಳು. ನೀರು ಸೇದಬೇಡ ಎಂದು ಯಾರೂ ಹೇಳಲಿಲ್ಲ. ಆದರೂ ಗೌರಕ್ಕ ಎರಡು ತಿಂಗಳು ದೇವಸ್ಥಾನದ ನಲ್ಲಿಯಿಂದ ನೀರು ಹೊತ್ತಳು, ಮಂಜಿ ಬಂದು ಮತ್ತೆ ಮೆಟ್ಟಿಲ ಕೆಳಗೆ ನಿಲ್ಲುವವರೆಗೆ.

ಈ ವರ್ಷ ಮೇ ತಿಂಗಳು ಬಂದರೂ ಮಂಜಿ ಯಾರನ್ನೂ ಕರೆದಿರಲಿಲ್ಲ.

ಪರಿಮಳಾ ಏರಿನ ನಡುವೆ ನಿಂತುಬಿಟ್ಟಳು. ತಾನು ಮಾಡಿದ್ದೂ ಅದೇ. ಒಂದು ಮನೆಯನ್ನು ದಾಟಿಹೋದದ್ದು.

ಮಂಜಿ ಅಂಗಳದಲ್ಲಿ, ಸುಣ್ಣದ ಗೆರೆ ಎಳೆದ ಜಾಗದಲ್ಲೇ ಬುಟ್ಟಿ ಇಟ್ಟುಕೊಂಡು ಹರಿವೆ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಮಂಜಿ, ನಿನ್ನ ಪಾಲು ನಾವು ಹಾಕಿದ್ದೇವೆ. ನೀ ಎಂತದೂ ಕೊಡೋದು ಬೇಡ," ಎಂದಳು ಪರಿಮಳಾ. ಬಾಯಿಂದ ಬಿದ್ದ ಕೂಡಲೇ ತಪ್ಪು ಮಾತು ಅನ್ನಿಸಿತು.

"ಕೊಡೂದಿಲ್ಲ ಹೇಳಿ ನಾ ಹೇಳಿದ್ನಾ?"

ಒಂದು ದಂಟು ಮುರಿದ ಸದ್ದು. ಆಮೇಲೆ ಇನ್ನೊಂದು.

"ಎಂಟು ಬಾಗಿಲಿಗೆ ಹೋದ್ರಿ ಅಮ್ಮ. ನಾ ಇಲ್ಲೇ ಕೂತು ನೋಡ್ದೆ. ಇವತ್ತು ಬರ್ತ್ರು, ನಾಳೆ ಬರ್ತ್ರು ಹೇಳಿ ಎರಡು ದಿನ ಮಾರ್ಕೆಟಿಗೂ ಹೋಗ್ಲಿಲ್ಲ."

ಪರಿಮಳಾ ಅಂಗಳದ ಮೂರು ಕಲ್ಲುಮೆಟ್ಟಿಲು ಇಳಿದು ದಾರಿಗೆ ಬಂದಳು. ಹೊರಟೇಹೋದರು ಎಂದುಕೊಂಡು, ದಾರಿಯ ಬದಿಗೆ ಕೂತಿದ್ದ ದ್ಯಾಮಪ್ಪ ಬೀಡಿ ಎಸೆದು ಎದ್ದ. ಅವಳು ಹೋಗಲಿಲ್ಲ. ಕೆಳಗೆ ನಿಂತು ತಿರುಗಿದಳು.

"ಮಂಜೀ, ನಲ್ಲಿ ಪೈಪಿಗೆ ವಂತಿಗೆ. ಮನೆಗೆ ನಾನೂರೈವತ್ತು."

ಮಂಜಿ ಕೈ ಒರೆಸಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಎಲೆಯಡಿಕೆಯ ಸಂಚಿಯಿತ್ತು. ಸುಣ್ಣ ಹತ್ತಿದ ನೋಟುಗಳನ್ನು ಬಿಡಿಸಿ ಕೊಟ್ಟಳು.

"ನೂರೈವತ್ತು ಉಂಟು. ಉಳಿದದ್ದು ತಿಂಗಳಿಗೆ ನೂರು."

ಬೇಡ ಎಂಬ ಮಾತು ಪರಿಮಳಾಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು "ಆಗ್ಲಿ" ಎಂದಳು.

ಮಂಜಿ ಬುಟ್ಟಿ ಎತ್ತಿ ಗೆರೆಯ ಆಚೆಗಿಟ್ಟಳು. "ತೆಂಗಿನ ಬುಡ ಬಿಟ್ಟು ಅಗಿ ಮಾರಾಯಾ," ಎಂದಳು ದ್ಯಾಮಪ್ಪನಿಗೆ.

"ಮಂಜಿ, ಈ ವರ್ಷದ ಕೆಸರು?"

"ನಿಮಗೆ ನಲ್ಲಿ ಬಂತಲ್ಲ."

"ಬಂದ್ರೂ."

ಮಂಜಿ ಆಗ ಮೊದಲ ಸಲ ಅವಳ ಮುಖ ನೋಡಿದಳು. "ನೋಡ್ವ. ಕರೀಲಿಕ್ಕೆ ಬಂದ್ರೆ ಬಂದೆ."

ಅಷ್ಟೇ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಪರಿಮಳಾ ಇಳಿಜಾರಿನಲ್ಲಿ ಬೇಗಬೇಗ ನಡೆದಳು. ಮಂಜಿಯ ನೂರೈವತ್ತು, ಮೂರು ಮನೆಗೆ ವಾಪಸು ಕೊಡಬೇಕಾದ ಐವತ್ತು ಐವತ್ತು, ಅವಳ ಮುಷ್ಟಿಯಲ್ಲಿ ಬೆವತಿತ್ತು. ದುಡ್ಡು ವಾಪಸು ಕೊಡುವುದು ಸುಲಭ. ಕೇಳದೆ ತಾನೊಬ್ಬಳೇ ಎಲ್ಲರ ಪರವಾಗಿ ದೊಡ್ಡವಳಾದದ್ದನ್ನು ಎಂಟು ಬಾಗಿಲಲ್ಲಿ ಹೇಳಬೇಕು.

"ಎಂತಾತೇ?" ಗೌರಕ್ಕ ಗೇಟು ತೆರೆದಳು. "ಒಳಗೆ ಬಾ, ಚಾ ಕುಡಿ."

"ಗೌರಕ್ಕಾ, ಆನು ನಿನ್ನ ಹತ್ರ ಐವತ್ತು ಜಾಸ್ತಿ ತಗಂಡಿದ್ದಿ."

"ಎಂತಕ್ಕೆ?"

ಮೇಲೆ ಗುದ್ದಲಿಗಳು ಶುರುವಾಗಿದ್ದವು. ಪರಿಮಳಾ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು, ಮೊದಲಿನಿಂದ ಹೇಳತೊಡಗಿದಳು.