ಮುಳುಗಿದ ದೋಣಿಯ ಹಾಡಿನ ಹತ್ತನೆಯ ಚರಣ

ನಮ್ಮಜ್ಜಿ ಬ್ರೀಜ್ ಜೀವಮಾನದಲ್ಲಿ ಒಂದು ಸಿಗರೇಟು ಮುಟ್ಟಿದವಳಲ್ಲ. ಆದರೂ ಕೊನಮಾರಾದ ಕಡಲ ದಂಡೆಯ ನಮ್ಮ ಪಬ್ಬಿನಲ್ಲಿ ನಲವತ್ತು ವರ್ಷ ಕರಿ ಬಿಯರು ಬಗ್ಗಿಸಿ ಕೊಡುತ್ತ, ಊರ ಗಂಡಸರು ಬಿಟ್ಟ ಹೊಗೆಯನ್ನೆಲ್ಲ ಕುಡಿದಿದ್ದಳು. ಚಿಕ್ಕವಳಿದ್ದಾಗ ನಾನು ಆ ಹೊಗೆಯನ್ನು ಮೋಡವೆಂದೇ ತಿಳಿದಿದ್ದೆ. ಅಜ್ಜಿಯ ಕಥೆಗಳ ಹಂಸಗಳು ಅದರೊಳಗೇ ಹಾರುತ್ತಿದ್ದವು.

ಮುಳುಗಿದ ದೋಣಿಯ ಹಾಡು ಅವಳೊಬ್ಬಳಿಗೇ ಬರುತ್ತಿತ್ತು. ಹತ್ತು ಚರಣ. ಕೊನೆಯದರಲ್ಲಿ ಆ ದೋಣಿಯೊಂದಿಗೆ ಕಡಲ ಪಾಲಾದ ಒಂಬತ್ತು ಜನರ ಹೆಸರು. ಆರು ವರ್ಷದಿಂದ ಏಳನೆಯದಕ್ಕೇ ಅವಳ ಉಸಿರು ಕಟ್ಟುತ್ತಿತ್ತು, ಆ ಹೆಸರುಗಳು ಯಾರ ಕಿವಿಗೂ ಬಿದ್ದಿರಲಿಲ್ಲ.

ಎರಡು ಸಾವಿರದ ನಾಲ್ಕರ ಮಾರ್ಚಿನಲ್ಲಿ, ಬೇರಾವ ದೇಶಕ್ಕಿಂತಲೂ ಮೊದಲು, ನಮ್ಮ ದೇಶಕ್ಕೆಲ್ಲ ಕಾನೂನು ಬಂತು: ಪಬ್ಬಿನೊಳಗೆ ಯಾರೂ ಸೇದುವಂತಿಲ್ಲ. ಪಕ್ಕದ ಮನೆಯ ಮೀನುಗಾರ ಕೊಲಮ್ ಪೈಪು ಹಿಡಿದು ಎದ್ದುಬಿಟ್ಟ.

"ನನ್ನ ಪೈಪಿಗಿಲ್ಲದ ಜಾಗ ನನಗ್ಯಾಕೆ ಬ್ರೀಜ್? ನಾನೂ ಹೊರಗೇ!"

"ಹೊರಗೇ ಇರು ಮಾರಾಯ. ಮಳೇಲಿ ನೆನೆದಾದ್ರೂ ಆ ಕೋಟಿನ ನಾತ ಹೋಗ್ಲಿ."

ಮೂರು ತಿಂಗಳು ಅವನು ಅರೆಬಾಗಿಲ ಆಚೆಯೇ ನಿಂತ.

ಜೂನಿನ ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿ, ಬಲಗೈ ಚಾಚಿದಳು. ಹಾಡುವವರ ಕೈ ಹಿಡಿದು, ರಾಟೆ ತಿರುಗಿಸಿದಂತೆ ಮೆಲ್ಲಗೆ ತಿರುಗಿಸುವುದು ನಮ್ಮಲ್ಲಿ ರೂಢಿ. ಅಜ್ಜಿಯ ಕೈ ಹಿಡಿಯುತ್ತಿದ್ದವನು ಕೊಲಮ್. ಅವನ ಜಾಗಕ್ಕೆ ಬೇರೆ ಯಾರೂ ಏಳಲಿಲ್ಲ.

ಒಂಟಿಯಾಗಿಯೇ ಹಾಡಿದಳು. ಏಳನೆಯದು ದಾಟಿತು. ಎಂಟು. ಒಂಬತ್ತನೆಯದರಲ್ಲಿ ದನಿ ನಡುಗಿತು. ಬರಿಗೈ ಗಾಳಿಯಲ್ಲಿ ಏನನ್ನೋ ತಡಕಾಡಿತು.

ಹೊರಗೆ ಕಲ್ಲಿಗೆ ಪೈಪು ಕುಟ್ಟಿದ ಸದ್ದು. ಬಾಗಿಲು ಕಿರುಗುಟ್ಟಿತು. ಕೊಲಮ್ ಬಂದು ಕೈ ಹಿಡಿದ, ತಿರುಗಿಸತೊಡಗಿದ.

ಹತ್ತನೆಯ ಚರಣ ಬಂತು. ಒಂಬತ್ತೂ ಹೆಸರು, ಒಂದೊಂದಾಗಿ. ಕೊನೆಯದು ಕೊಲಮ್‌ನ ಅಜ್ಜನದು.

"ಈ ಹೆಸರು ಕೇಳಿ ಆರು ವರ್ಷ ಆಯ್ತು ಕಣೇ," ಎಂದ ಅವನು, ಕೈ ಬಿಡದೆ.

"ನಿನ್ನ ಹೊಗೇಲೇ ಕಳೆದುಹೋಗಿತ್ತು. ಈಗ ಹೋಗು, ಬೇಕಾದಷ್ಟು ಸೇದು. ಹಾಡೋ ಹೊತ್ತಿಗೆ ಒಳಗಿರ್ಬೇಕು."

ಆಮೇಲೆ ಇಟಲಿ, ಸ್ಕಾಟ್ಲೆಂಡ್, ಫ್ರಾನ್ಸ್ ಎಂದು ಒಂದೊಂದೇ ದೇಶ ಈ ದಾರಿಗೆ ಬಂತು. ರೇಡಿಯೋದಲ್ಲಿ ಸುದ್ದಿ ಬಂದಾಗಲೆಲ್ಲ ಕೊಲಮ್ ಹೊಸಿಲಾಚೆ ಪೈಪು ಸೇದುತ್ತಲೇ ಎದೆಯುಬ್ಬಿಸುತ್ತಿದ್ದ, ಕಾನೂನು ಬರೆದವನು ತಾನೇ ಎಂಬಂತೆ:

"ಮೊದ್ಲು ಮಾಡಿದ್ದು ನಾವು! ಹೇಳೇ ಬ್ರೀಜ್, ಅವರಿಗೆ!"