ಎಡತೋಳಿನ ಕಚ್ಚಾ ಹೊಲಿಗೆ

ಬಲತೋಳು ಸಲೀಸಾಗಿ ಹೋಯಿತು. ಎಡತೋಳನ್ನು ಏರಿಸುವಾಗ ಎಲ್ಲೋ ಪಟ್ಟೆಂದು ದಾರ ಹರಿದ ಸದ್ದಾಗಿ, ಅಪ್ಪನಿಗೆ ನೋವಾಯಿತೇನೋ ಎಂಬಂತೆ ಮಗಳು ಕೈ ಹಿಂದಕ್ಕೆಳೆದುಕೊಂಡಳು. ಪೆಟ್ಟಿಗೆಯಲ್ಲಿ ಮಲಗಿದ್ದ ಟೈಲರ್ ಮಾಸ್ಟರ್ ಮಾತ್ರ ಗಿರಾಕಿಯ ತಕರಾರು ಕೇಳಿಸಿಕೊಳ್ಳುವಾಗಿನ ಅದೇ ಸಮಾಧಾನದಲ್ಲಿದ್ದರು.

"ಅಮ್ಮ, ಈ ಕೋಟು ಬೇಡ. ತೋಳು ಕಿತ್ಕೊಂಡು ಕೈಗೆ ಬರ್ತಿದೆ. ಬೂದು ಕೋಟು ಹಾಕೋಣ."

"ಅದೇ ಇರಲಿ," ಎಂದರು ಅಮ್ಮ.

ಮೂವತ್ತೊಂದು ವರ್ಷ ಗಣಿತ ಕಲಿಸಿದ ಟೀಚರ್ ಅವರು. ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಹೇಳುವ ಅಭ್ಯಾಸ ಅವರಿಗಿಲ್ಲ. ಮಗಳು ತೋಳನ್ನು ಭುಜಕ್ಕೆ ಒತ್ತಿ ಇಟ್ಟಳು. ಕೈಬಿಟ್ಟ ಕೂಡಲೇ ಅದು ಮತ್ತೆ ಜಾರಿತು.

ಮನೆ ಮೇಲಿನ ಮಹಡಿಯಲ್ಲಿ, ಅಂಗಡಿ ಕೆಳಗೆ. ಮಹಡಿ ಮೆಟ್ಟಿಲಲ್ಲಿ ಪೆಟ್ಟಿಗೆ ತಿರುಗುವುದಿಲ್ಲವೆಂದು ಮಾಸ್ಟರನ್ನು ಅಂಗಡಿಯಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ಮಲಗಿಸಿದ್ದರು. ನಲವತ್ತಾರು ವರ್ಷ ಆ ಮೇಜಿಗೆ ಬಗ್ಗಿದವರು ಈಗ ಅದರ ಮೇಲೆ ನೆಟ್ಟಗೆ ಮಲಗಿದ್ದರು. ಕಿಟಕಿಯಿಂದ ಬಂದ ಬಿಸಿಲಿನಲ್ಲಿ ಸೀಮೆಸುಣ್ಣದ ಧೂಳು ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ನೋಡಲು ಬಂದವರೆಲ್ಲ ಮೊದಲು ಎದುರಿನ ಆಳೆತ್ತರದ ಕನ್ನಡಿ ನೋಡಿ, ತಮಗೇ ಗೊತ್ತಿಲ್ಲದೆ ಕಾಲರ್ ಸರಿಮಾಡಿಕೊಂಡು, ಆಮೇಲೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು. ಮಾಸ್ಟರ್ ಇದ್ದಿದ್ದರೆ ನಗುತ್ತಿದ್ದರು. ನಾಲ್ಕು ಗಂಟೆಗೆ ಗಾಡಿ ಬರುವುದಿತ್ತು.

ಟೀಚರ ಅಣ್ಣನಿಗೆ ಎಂಬತ್ತು ದಾಟಿದೆ. ಹಳೆಯ ಕತೆ ಹೇಳುವುದಕ್ಕೆ ನಾಲ್ಕು ಜನ ಕುಳಿತಿದ್ದರೆ ಸಾಕು. ಕೋಟಿನ ಕತೆ ಆಗಲೇ ಶುರುವಾಗಿತ್ತು. ಮಾಸ್ಟರ ಮದುವೆಯ ಹಿಂದಿನ ದಿನ ಇನ್ನೊಬ್ಬ ಮದುವೆ ಗಂಡು ಬಂದು ಕೋಟಿನ ಅಳತೆ ಮೂರು ಸಲ ಬದಲಿಸಿದನಂತೆ. ಅವನದನ್ನು ಮುಗಿಸುವಷ್ಟರಲ್ಲಿ ಮಾಸ್ಟರ ಸ್ವಂತ ಕೋಟು ಕಚ್ಚಾ ಹೊಲಿಗೆಯಲ್ಲೇ ಉಳಿಯಿತಂತೆ. ಗಿರಾಕಿ ಒಂದು ಸಲ ತೊಟ್ಟು ನೋಡಲಿ ಎಂದು ಟ್ರಯಲ್‌ಗೆ ಉದ್ದುದ್ದ ಬಿಳಿ ದಾರ ಹಾಕಿರುತ್ತಾರಲ್ಲ, ಅದೇ. ಗಿರಾಕಿ ಹೂಂ ಅಂದಮೇಲೆಯೇ ಮಿಷನ್ನು ಓಡುವುದು. ಆ ಕೋಟನ್ನೇ ತೊಟ್ಟು ಒಂದೂಕಾಲು ಗಂಟೆ ತಡವಾಗಿ ಓಡಿಬಂದರಂತೆ. ಬಂದ ಕೂಡಲೇ ಎಡತೋಳು ಕಳಚಿತಂತೆ.

"ನನ್ನ ತಂಗಿ ಆ ತೋಳು ಹಿಡ್ಕೊಂಡವಳು ಸಾಯಂಕಾಲದ ತನಕ ಬಿಡಲಿಲ್ಲ. ಫೋಟೋ ನೋಡಿ ಬೇಕಾದ್ರೆ, ಒಂದರಲ್ಲೂ ಬಿಟ್ಟಿಲ್ಲ. ಅಷ್ಟು ಪ್ರೀತಿ."

ಇಂಥ ಹೊತ್ತಿನಲ್ಲಿ ಎಷ್ಟು ನಗಬಹುದೋ ಅಷ್ಟು ನಕ್ಕರು. ಟೀಚರ್ ನಗಲಿಲ್ಲ. ಅಣ್ಣ ಹೇಳಿದ್ದೆಲ್ಲ ಸರಿ, ಕೊನೆಯದೊಂದು ಬಿಟ್ಟು.

*

ಅವತ್ತು ಅವಳು ಮದುವೆ ಹಾಲ್‌ನ ಮೆಟ್ಟಿಲು ಇಳಿಯುತ್ತಿದ್ದಳು, ಕೈಯಲ್ಲಿ ಚೀಲ ಹಿಡಿದುಕೊಂಡು, ಮನೆಗೆ ಹೋಗಲು. ಒಂದೂಕಾಲು ಗಂಟೆ ಕಾದಿದ್ದಳು. ಮದುವೆಯ ದಿನವೇ ಹೊತ್ತಿಗೆ ಬಾರದವನು ಇನ್ಯಾವ ದಿನ ಬಂದಾನು ಎಂದು ಲೆಕ್ಕ ಹಾಕಿದ್ದಳು, ಉತ್ತರವೂ ಬಂದಿತ್ತು.

ಅವನು ಎರಡೆರಡು ಮೆಟ್ಟಿಲು ಹಾರಿ ಬಂದ. ಕೋಟಿನ ತುಂಬ ಬಿಳಿ ದಾರದ ಗೆರೆಗಳು. ದಾರಿ ಬಿಡಲಿ ಎಂದು ಅವಳು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ತೋಳು ಕೈಗೇ ಬಂತು.

ಅವನು ನಿಂತಿದ್ದ, ಒಂದು ಕೈ ಕಪ್ಪು, ಒಂದು ಕೈ ಬಿಳಿ. ಮೇಲೆ ಯಾರೋ ಕಿಸಕ್ಕೆಂದರು. ಅವನು ಕ್ಷಮೆ ಕೇಳಲಿಲ್ಲ. ಅವಳ ಕೈಯಲ್ಲಿದ್ದ ತೋಳನ್ನೇ ನೋಡುತ್ತ, "ಬೇರೆಯವರ ಮದುವೆಗೆ ನಾನು ಒಂದು ದಿನಾನೂ ತಡ ಮಾಡಿಲ್ಲ," ಎಂದ.

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ತೋಳನ್ನು ಅವನ ಕೈಗೆ ತೂರಿಸಿ, ಭುಜದವರೆಗೆ ಏರಿಸಿ, ಅಲ್ಲೇ ಬಿಗಿಯಾಗಿ ಹಿಡಿದಳು.

"ಜನ ನೋಡ್ತಿದಾರೆ. ಇವತ್ತು ಮುಗಿಯೋ ತನಕ ಹಿಡ್ಕೊಂಡಿರ್ತೀನಿ. ಒಪ್ಪಿಗೆ ಇದೆಯೋ ಇಲ್ವೋ, ಆಮೇಲೆ ಹೇಳ್ತೀನಿ."

"ಆಗಲಿ," ಎಂದ ಅವನು.

*

ಆ 'ಆಮೇಲೆ' ಬರಲೇ ಇಲ್ಲ. ಮಗಳು ಬಂದಳು, ಮಗಳ ಜ್ವರ ಬಂತು, ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಬಂತು, ಮಾಸ್ಟರ ಕಣ್ಣಿನ ಆಪರೇಷನ್ ಬಂತು. ಒಮ್ಮೆ ಮಾತಿಗೆ ಮಾತು ಬೆಳೆದು ಟೀಚರ್ ಅಣ್ಣನ ಮನೆಗೆ ಹೋಗಿ ಹನ್ನೊಂದು ದಿನ ಕುಳಿತರು. ಹನ್ನೆರಡನೆಯ ದಿನ ಮಾಸ್ಟರ್ ಬಂದು, ಇವರು ಬಿಟ್ಟುಹೋಗಿದ್ದ ಕನ್ನಡಕ ಕೊಟ್ಟು, ಬಾಗಿಲಲ್ಲೇ ನಿಂತು ಬಿಸಿಲು ಜಾಸ್ತಿ ಎಂದು ಹೇಳಿ ಹೋದರು. ವಾಪಸ್ ಬಾ ಎನ್ನಲಿಲ್ಲ. ಸಂಜೆ ಟೀಚರೇ ಹೊರಟು ಬಂದರು.

ನಲವತ್ತಮೂರು ವರ್ಷದಲ್ಲಿ ಮಾಸ್ಟರ್ ಒಂದು ಸಲವೂ ಆ ಒಪ್ಪಿಗೆಯ ಮಾತು ಕೇಳಲಿಲ್ಲ. ಮರೆತಿದ್ದಾರೆ ಎಂದುಕೊಂಡು ಇವರೂ ಹೇಳಲಿಲ್ಲ. ಹೇಳಬಹುದಿತ್ತು. ಕಾಫಿ ಲೋಟ ಕೊಡುವಾಗ ಹೇಳಬಹುದಿತ್ತು, ರಸ್ತೆ ದಾಟುವಾಗ ಹೇಳಬಹುದಿತ್ತು. ಇಷ್ಟು ವರ್ಷ ಜೊತೆಗಿದ್ದಮೇಲೆ ಅದೇನು ಹೇಳುವುದು ಎಂದು ನಾಚಿಕೆ. ಮೊನ್ನೆ ಬೆಳಗ್ಗೆ ಮಿಷನ್ನಿನ ಸದ್ದು ನಡುವೆ ನಿಂತಿತು. ದಾರ ಹರಿದಿರಬೇಕು ಅಂದುಕೊಂಡು ಟೀಚರ್ ಮೇಲಿನಿಂದ ಇಳಿಯಲೂ ಇಲ್ಲ. ಈಗ ಮೂರೂವರೆ. ಇನ್ನರ್ಧ ಗಂಟೆಗೆ ಪೆಟ್ಟಿಗೆಯ ಮುಚ್ಚಳ ಬೀಳುತ್ತದೆ, ಹೇಳಬೇಕಾದ ಮಾತು ಹಾಗೇ ಹೊಟ್ಟೆಯಲ್ಲಿ ಉಳಿಯುತ್ತದೆ. ಅದೊಂದೇ ಅವರಿಗೆ ತಡೆಯಲಾಗದ ಸಂಕಟವಾಗಿತ್ತು.

ಕಾಜಾದಕ್ಕ ಮೂಲೆಯ ಸ್ಟೂಲಿನಿಂದ ಎದ್ದು ಬಂದಳು. ಇಪ್ಪತ್ತೆರಡು ವರ್ಷ ಆ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕಿದವಳು. ತನಗೆ ಬಿಟ್ಟರೆ ಹತ್ತು ನಿಮಿಷದಲ್ಲಿ ತೋಳು ಕೂರಿಸಿಬಿಡುವುದಾಗಿ ಹೇಳಿ ಭುಜದ ಅಂಚನ್ನು ತಿರುವಿದಳು.

ಒಳಗಡೆ ಬಣ್ಣಬಣ್ಣದ ದಾರದ ತುಣುಕುಗಳು ಸಿಕ್ಕಿಕೊಂಡಿದ್ದವು. ಕೆಂಪು, ನೀಲಿ, ಸಾಸಿವೆ ಹಳದಿ, ಮತ್ತೆ ನೀಲಿ. ಬಟ್ಟೆಯ ತುಂಬ ಸೂಜಿಯ ತೂತುಗಳು, ಸಾಲು ಸಾಲಾಗಿ, ಒಂದರ ಪಕ್ಕ ಒಂದು.

"ಇದೇನು?" ಎಂದರು ಟೀಚರ್. ಆ ಕೋಟು ಮದುವೆಯ ಮರುದಿನದಿಂದ ಅಟ್ಟದ ಮೇಲೆ ಮಲಗಿದೆ ಎಂದೇ ಅವರು ತಿಳಿದಿದ್ದರು.

ಕಾಜಾದಕ್ಕ ಆಚೀಚೆ ನೋಡಿದಳು. ಹೇಳಲೋ ಬೇಡವೋ ಎಂದು ಅವಳಿಗೆ. ಪ್ರತಿ ವರ್ಷ ಮದುವೆಯ ದಿನ, ಟೀಚರ್ ಮನೆಯಲ್ಲಿಲ್ಲದ ಹೊತ್ತು ನೋಡಿ ಮಾಸ್ಟರ್ ಈ ಕೋಟು ಕೆಳಗಿಳಿಸುತ್ತಿದ್ದರಂತೆ. ಹೊಟ್ಟೆ ಬಂದ ವರ್ಷ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿ ಮಿಷನ್ ಹೊಡೆದರಂತೆ. ಎಡತೋಳಿಗೆ ಮಾತ್ರ ಮಿಷನ್ ಮುಟ್ಟಿಸಲಿಲ್ಲವಂತೆ. ಹಳೆಯ ದಾರ ತೆಗೆದು, ಕೈಗೆ ಸಿಕ್ಕ ಬಣ್ಣದಲ್ಲಿ ಹೊಸದಾಗಿ ಕಚ್ಚಾ ಹಾಕಿ, ಮತ್ತೆ ಮೇಲಿಡುತ್ತಿದ್ದರಂತೆ.

"ನಾನೇ ಒಂದ್ಸಲ ಕೇಳ್ದೆ ಟೀಚರಮ್ಮ. ಇಷ್ಟು ಒದ್ದಾಡೋ ಬದ್ಲು ಪಕ್ಕಾ ಹೊಲಿದುಬಿಡಬಹುದಲ್ಲ ಮಾಸ್ಟ್ರೇ ಅಂತ. 'ಹಾಗೆ ಮಾಡೋ ಹಾಗಿಲ್ಲಮ್ಮ, ಟ್ರಯಲ್ ನೋಡಿದವರು ಇನ್ನೂ ಒಪ್ಪಿಗೆ ಹೇಳಿಲ್ಲ' ಅಂದ್ರು. ಯಾರೋ ಗಿರಾಕಿ ಇರಬೇಕು ಅಂದ್ಕೊಂಡೆ ನಾನು."

ಟೀಚರ್ ಆ ತೂತುಗಳ ಮೇಲೆ ಬೆರಳಾಡಿಸಿದರು. ಎಣಿಸಲು ಹೊರಟವರು ಏಳರ ಹತ್ತಿರ ತಪ್ಪಿದರು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

"ಸೂಜಿ ಕೊಡು," ಎಂದರು.

ಒಂದು ಗುಂಡಿ ಬಿದ್ದರೂ ಗಂಡನನ್ನೇ ಕೂಗುತ್ತಿದ್ದ ಹೆಂಗಸು. ಮಗಳು ಗಾಬರಿಯಿಂದ ನೋಡಿದಳು. ಕಾಜಾದಕ್ಕ ಕಪ್ಪು ದಾರ ಪೋಣಿಸಿ ಕೊಡುತ್ತ, ಮೇಲೆ ಮೇಲೆ ನಾಲ್ಕು ಕಚ್ಚಾ ಹಾಕಿದರೆ ಸಾಕು, ಯಾರು ನೋಡುತ್ತಾರೆ ಎಂದು ಮೆಲ್ಲಗೆ ಹೇಳಿದಳು.

"ಬೇಡ. ಪಕ್ಕಾ ಹಾಕ್ತೀನಿ. ಹೇಗೆ ಅಂತ ಹೇಳು."

ಕಾಜಾದಕ್ಕ ಹೇಳುತ್ತ ಹೋದಳು, ಸೂಜಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಟೀಚರ್ ಹೊಲಿಯುತ್ತ ಹೋದರು. ಹೊಲಿಗೆ ಸೊಟ್ಟಗಾಗಿತ್ತು, ಎರಡು ಕಡೆ ಬಟ್ಟೆ ನೆರಿಗೆ ಬಿತ್ತು, ಸೂಜಿ ಬೆರಳಿಗೂ ಚುಚ್ಚಿತು. ಅಣ್ಣ ಬಂದು ನಾಲ್ಕು ಹೊಡೆದು ಇಪ್ಪತ್ತು ನಿಮಿಷವಾಯಿತು, ಡ್ರೈವರ್ ಗೊಣಗುತ್ತಿದ್ದಾನೆ ಎಂದರು.

"ತಡ ಆದ್ರೆ ಆಗಲಿ," ಎಂದರು ಟೀಚರ್, ತಲೆ ಎತ್ತದೆ.

ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂದಿತ್ತು. ಕಂಕುಳ ಸುತ್ತ ಒಂದು ಬಾರಿ, ಭುಜದ ಮೇಲೆ ಎರಡು ಬಾರಿ, ಕೊನೆಗೆ ಗಂಟು. ಮಗಳು ಗೋಡೆಯ ಮೊಳೆಯಿಂದ ದೊಡ್ಡ ಕತ್ತರಿ ತೆಗೆದು ಹಿಡಿದಳು. ಟೀಚರ್ ಅದನ್ನು ನೋಡಲಿಲ್ಲ. ಕನ್ನಡಕ ತೆಗೆದಿಟ್ಟು, ಬಗ್ಗಿ, ಗಂಡನ ಭುಜಕ್ಕೆ ಕೆನ್ನೆ ಒತ್ತಿ ಹಲ್ಲಿನಿಂದ ದಾರ ಕಡಿದರು. ದಾರ ತುಂಡಾದ ಮೇಲೂ ಮುಖ ಅಲ್ಲೇ ಇತ್ತು.